ಚಿಕ್ಕಪ್ಪನಿಗೆ ಲಕ್ವ ಹೊಡೆಸುವ ವಿಚಾರ

ನಮ್ಮ ಚಿಕ್ಕಪ್ಪನಿಗೆ ಲಕ್ವ ಹೊಡೆದದ್ದು ನನ್ನ ಮೊದಲನೆಯ ಕಾದಂಬರಿಯ 212ನೇ ಪುಟದಲ್ಲಿ. ನಿಜದಲ್ಲಿ ಆತನಿಗೆ ನೆಗಡಿಯೂ ಸರಿಯಾಗಿ ಆದದ್ದಿಲ್ಲ. ತೊಂಬತ್ತೊಂದು ವರ್ಷ ಗಟ್ಟಿಮುಟ್ಟಾಗಿದ್ದು, ಯುಗಾದಿಯ ದಿನ ತುಪ್ಪ ಹಾಕಿಸಿಕೊಂಡು ನಾಲ್ಕು ಹೋಳಿಗೆ ತಿಂದು, ಜಗಲಿಯಲ್ಲಿ ಅಡ್ಡಾದವನು ಮತ್ತೆ ಏಳಲಿಲ್ಲ. "ಪುಣ್ಯಾತ್ಮ, ಯಾರ ಕೈಲೂ ಚಾಕರಿ ಮಾಡಿಸ್ಕೊಳ್ಳಲಿಲ್ಲ" ಎಂದಿತು ಊರು. ವಿಧವೆಯಾದ ಅತ್ತಿಗೆಯ, ಅಂದರೆ ನಮ್ಮ ದೊಡ್ಡಮ್ಮನ, ಪಾಲಿನ ಎರಡೆಕರೆ ಅಡಿಕೆ ತೋಟವನ್ನು ಒಂದು ಪಾಲುಪಟ್ಟಿಯಲ್ಲಿ ನುಂಗಿ ನೀರು ಕುಡಿದ ಪುಣ್ಯಾತ್ಮ! ಅದನ್ನು ಸಹಿಸಲಾರದೆ ನಾನು ಕಾದಂಬರಿಗೆ ಕೈಹಾಕಿದೆ. ಮಳೆಗಾಲದ ಒಂದು ರಾತ್ರಿ, ಗುಡುಗು ಸಿಡಿಲುಗಳ ನಡುವೆ, ಆ ಪತ್ರವನ್ನು ಹಿಡಿದುಕೊಂಡಿರುವಾಗಲೇ ಆತನ ಬಲಗೈ ಬಿದ್ದುಹೋಗುವಂತೆ ಮಾಡಿದೆ. ಬರೆದು ಮುಗಿಸಿ ಎದ್ದು ಒಂದು ಲೋಟ ಕಾಫಿ ಕುಡಿದೆ. ಜನ್ಮದಲ್ಲಿ ಅಷ್ಟು ರುಚಿಯಾದ ಕಾಫಿ ಕುಡಿದ ನೆನಪಿಲ್ಲ.

ಆ ಕಾದಂಬರಿ ಮುನ್ನೂರ ಹನ್ನೊಂದು ಪ್ರತಿ ಖರ್ಚಾಯಿತು. ಅದರಲ್ಲಿ ಐವತ್ತು ನಾನೇ ಕೊಂಡದ್ದು. ಅಕ್ಕ ಓದಿ ಊರಿಂದ ಫೋನ್ ಮಾಡಿ, "ಎಲ್ಲ ಸರಿ ಮಾರಾಯ, ಒಂದೇ ಕೈ ಸಾಲದಾಗಿತ್ತು" ಎಂದಳು.

ನಿವೃತ್ತಿಗೆ ಮೂರು ವರ್ಷವಿರುವಾಗ ನಮ್ಮ ಬ್ಯಾಂಕು ನನ್ನನ್ನು ಕೋಲ್ಕತ್ತಕ್ಕೆ ವರ್ಗ ಮಾಡಿತು. ಅರ್ಧ ಬರೆದ ಎರಡನೆಯ ಕಾದಂಬರಿಯನ್ನು ಚೀಲದ ತಳದಲ್ಲಿಟ್ಟುಕೊಂಡು, ಮೇಲೆ ಅಕ್ಕ ಕಟ್ಟಿಕೊಟ್ಟ ಹಪ್ಪಳದ ಡಬ್ಬಿ ಇಟ್ಟುಕೊಂಡು ಬಂದಿಳಿದೆ. ಈ ಕಾದಂಬರಿಯಲ್ಲಿ ಚಿಕ್ಕಪ್ಪನ ಸುದ್ದಿಯೇ ಬೇಡ ಎಂದು ತೀರ್ಮಾನಿಸಿದ್ದೆ. ಆದರೆ ನಾಲ್ಕನೆಯ ಅಧ್ಯಾಯದ ಹೊತ್ತಿಗೆ ನೋಡುತ್ತೇನೆ, ಹೆಸರು ಬದಲಾಯಿಸಿಕೊಂಡು, ಮೀಸೆ ಬಿಟ್ಟುಕೊಂಡು, ಆತ ಯಾರದೋ ತೋಟದ ಬೇಲಿ ಒತ್ತುತ್ತ ನಿಂತಿದ್ದಾನೆ. ಈಗ ಈತನನ್ನು ಏನು ಮಾಡಬೇಕು ಎಂಬಲ್ಲಿ ಕಾದಂಬರಿ ನಿಂತುಬಿಟ್ಟಿತು. ಇನ್ನೊಂದು ಸಲ ಲಕ್ವ ಹೊಡೆಸುವುದು ಮರ್ಯಾದೆಯಲ್ಲ.

ನಾನು ಮನೆ ಹಿಡಿದದ್ದು ದಕ್ಷಿಣ ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನ ಹತ್ತಿರ. ಬಹಳ ಹಿಂದಿನಿಂದಲೂ ದಕ್ಷಿಣದವರು ನೆಲೆಸಿದ ಜಾಗ. ಬಾಳೆಲೆ, ಕರಿಬೇವು, ಕಟ್ಟಿದ ಹೂವು, ಕಾಫಿಪುಡಿ ಎಲ್ಲ ಸಿಗುತ್ತವೆ. ಕನ್ನಡ, ತಮಿಳು, ತೆಲುಗು, ಮಲಯಾಳ ನಾಲ್ಕೂ ಸೇರಿ ಬಂಗಾಳಿಯ ಬಾಯಲ್ಲಿ ಒಂದೇ ಜಾತಿ, "ಮದ್ರಾಜಿ". ಕೆಳಮನೆಯಲ್ಲಿ ಮನೆಯ ಯಜಮಾನರು, ನಿವೃತ್ತ ಶಾಲಾ ಮೇಷ್ಟರು. ಬೀದಿಗೆಲ್ಲ ಅವರು ಮಾಸ್ಟರ್‌ಮೊಶಾಯ್. ನನಗೂ ಹಾಗೇ ಆದರು. ನಾನು ಅವರಿಗೆ ರಾವ್‌ಬಾಬು. ಬಾಡಿಗೆ ಮಾತಾಡಲು ಹೋದ ದಿನ ಅವರು ನನ್ನ ಸಂಬಳ ಕೇಳಲಿಲ್ಲ, ಮೀನು ತಿನ್ನುವುದಿಲ್ಲ ಎಂದಾಗ ಒಂದು ನಿಮಿಷ ಮೌನಾಚರಣೆ ಮಾಡಿ, ಆಮೇಲೆ, "ಏನು ಬರೆಯುತ್ತೀರಿ?" ಎಂದರು. ಬರೆಯುತ್ತೀರಾ ಎಂದಲ್ಲ, ಏನು ಬರೆಯುತ್ತೀರಿ ಎಂದು. ಕೋಲ್ಕತ್ತದಲ್ಲಿ ನಿಂತು "ಕಾದಂಬರಿ ಬರೆಯುತ್ತೇನೆ" ಎನ್ನುವುದು ಉಡುಪಿಯಲ್ಲಿ "ನನಗೆ ದೋಸೆ ಹೊಯ್ಯಲು ಬರುತ್ತದೆ" ಎಂದ ಹಾಗೆ. ಯಾರೂ ಹುಬ್ಬೇರಿಸುವುದಿಲ್ಲ; ಹಿಟ್ಟು ಎಷ್ಟು ಹುಳಿ ಬಂದಿದೆ ಎಂದು ಮಾತ್ರ ವಿಚಾರಿಸುತ್ತಾರೆ.

ನಮ್ಮ ಬೀದಿಯ ಹೋಮಿಯೋಪತಿ ಡಾಕ್ಟರು ಒಂದು ಲಿಟಲ್ ಮ್ಯಾಗಜೀನಿನ ಸಂಪಾದಕರು. ಕೆಮ್ಮಿಗೆ ಸಕ್ಕರೆ ಗುಳಿಗೆ ಕೊಡುತ್ತ, ನಿಮ್ಮ ಭಾಷೆಯ ಕವಿತೆ ಇದ್ದರೆ ಕೊಡಿ ಎನ್ನುತ್ತಾರೆ. ಕಾಲೇಜು ಬೀದಿಯ ಪಕ್ಕದ ಟೇಮರ್ ಲೇನಿನಲ್ಲಿ ಸಂದೀಪ್ ದತ್ತ ಎಂಬವರು 1978ರಲ್ಲಿ ಇಂಥ ಚಿಕ್ಕ ಪತ್ರಿಕೆಗಳಿಗಾಗಿಯೇ ಗ್ರಂಥಾಲಯ ತೆರೆದು, 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮಗುವಿನಂತೆ ಸಾಕಿದರು. ಇನ್ನು ದುರ್ಗಾಪೂಜೆ ಬಂತೆಂದರೆ ಪತ್ರಿಕೆಗಳ ಶಾರದೀಯ ಸಂಚಿಕೆಗಳು. ನಮ್ಮ ದೀಪಾವಳಿ ವಿಶೇಷಾಂಕಗಳ ಅಣ್ಣಂದಿರು. ಒಂದೊಂದರಲ್ಲೂ ಇಡಿಯಿಡೀ ಕಾದಂಬರಿಗಳು. ಹೆಸರಾದವರು ಒಂದೇ ಬೇಸಗೆಯಲ್ಲಿ ಮೂರು ಮೂರು ಪತ್ರಿಕೆಗೆ ಒಪ್ಪಿಕೊಳ್ಳುವುದೂ ಉಂಟಂತೆ. ಮಾಸ್ಟರ್‌ಮೊಶಾಯ್ ಹೇಳುವುದು: ಪೂಜಾ ಕಾದಂಬರಿಯಲ್ಲಿ ನಾಯಕ ಇದ್ದಕ್ಕಿದ್ದಂತೆ ಸತ್ತರೆ ಅದು ವಿಧಿಯಾಟವಲ್ಲ, ಮಹಾಲಯ ಹತ್ತಿರ ಬಂತು ಎಂದರ್ಥ.

ನನ್ನ ಚಿಕ್ಕಪ್ಪನ ತೊಡಕನ್ನು ಒಂದು ಭಾನುವಾರ ಅವರ ಮುಂದೆ ಇಟ್ಟೆ. ಅವರು ಎದ್ದುಹೋಗಿ ಬಂಕಿಮಚಂದ್ರರ ಸಂಪುಟ ತಂದರು. 1885ರಲ್ಲಿ ಬಂಕಿಮರು 'ಪ್ರಚಾರ' ಎಂಬ ಪತ್ರಿಕೆಯಲ್ಲಿ ಬಂಗಾಳದ ಹೊಸ ಲೇಖಕರಿಗೆ ಒಂದು ವಿಜ್ಞಾಪನೆ ಬರೆದಿದ್ದಾರೆ. ಅಂಕಿ ಹಾಕಿ, ಸರ್ಕಾರಿ ಸುತ್ತೋಲೆಯ ಹಾಗೆ, ಹನ್ನೆರಡು ಕಲಮುಗಳು. ಹೆಸರಿಗಾಗಿ ಬರೆಯಬೇಡಿ. ದುಡ್ಡಿಗಾಗಿ ಬರೆಯಬೇಡಿ. (ಈ ಎರಡು ಕಲಮುಗಳನ್ನು ನಾನು ಯಾವ ಪ್ರಯತ್ನವೂ ಇಲ್ಲದೆ ಪಾಲಿಸಿದ್ದೇನೆ.) ದೇಶಕ್ಕೋ ಮನುಷ್ಯರಿಗೋ ಒಳಿತಾಗುವುದಿದ್ದರೆ, ಇಲ್ಲವೇ ಏನಾದರೂ ಸೊಗಸು ಹುಟ್ಟುವುದಿದ್ದರೆ ಬರೆಯಿರಿ. ಬರೆದ ಕೂಡಲೇ ಅಚ್ಚಿಗೆ ಕೊಡಬೇಡಿ, ಸ್ವಲ್ಪ ಕಾಲ ಇಟ್ಟು ಮತ್ತೆ ತೆಗೆದು ನೋಡಿ. ಅಮ್ಮ ಮಿಡಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟುವಾಗ ಹೇಳುತ್ತಿದ್ದುದೂ ಇದನ್ನೇ. ಪಾಂಡಿತ್ಯ ತೋರಿಸಬೇಡಿ. ಅಲಂಕಾರ ಬಹಳ ಸೊಗಸಾಗಿ ಬಂದಿದೆ ಎನಿಸಿದ ಜಾಗವನ್ನು ಸ್ನೇಹಿತರಿಗೆ ಮತ್ತೆ ಮತ್ತೆ ಓದಿ ಹೇಳಿ. ಅದು ಚೆನ್ನಾಗಿಲ್ಲದಿದ್ದರೆ ಎರಡು ನಾಲ್ಕು ಸಲದೊಳಗೆ ನಿಮಗೇ ನಾಚಿಕೆಯಾಗುತ್ತದೆ, ಆಗ ಹೊಡೆದುಹಾಕಿ.

"ಲಕ್ವದ ಪುಟ ಓದಿ" ಎಂದರು ಮಾಸ್ಟರ್‌ಮೊಶಾಯ್.

ಹರಕು ಇಂಗ್ಲಿಷಿಗೆ ತಿರುಗಿಸುತ್ತ ಓದಿದೆ. ಇನ್ನೊಮ್ಮೆ ಎಂದರು. ಮೂರನೆಯ ಸಲಕ್ಕೆ ಗುಡುಗಿನ ಹತ್ತಿರ ಬಂದಾಗ ನನ್ನ ದನಿ ತಾನಾಗಿ ಇಳಿಯಿತು.

"ಗುಡುಗು ಮೂರು ಸಲ ಬಂತು," ಎಂದರು. "ಮೊದಲನೆಯದು ಮಳೆಯದು. ಮಿಕ್ಕ ಎರಡು ಯಾರವು?"

ಮಿಕ್ಕ ಎರಡು ನನ್ನವು.

ಆ ಹನ್ನೆರಡರಲ್ಲಿ ಇನ್ನೊಂದು ಕಲಮು ಇದೆ, ಅದನ್ನು ಅವರು ಬೇಕೆಂದೇ ಕೊನೆಗೆ ಓದಿದರು. ಸುಳ್ಳನ್ನು ಬರೆಯಬಾರದು, ಇನ್ನೊಬ್ಬರನ್ನು ಹಳಿಯುವುದು, ನೋಯಿಸುವುದು, ತನ್ನ ಕೆಲಸ ಸಾಧಿಸಿಕೊಳ್ಳುವುದು ಯಾವುದರ ಉದ್ದೇಶವೋ ಆ ಬರಹದಿಂದ ಎಂದೂ ಒಳಿತಾಗದು. ಹಾಗಾದರೆ ನನ್ನ ಮೊದಲ ಕಾದಂಬರಿಯಲ್ಲಿ ಉಳಿಯುವುದು ಅರ್ಪಣೆಯ ಪುಟ ಮಾತ್ರ.

ಇಷ್ಟೆಲ್ಲ ಹೇಳಿದ ಬಂಕಿಮರು ಏನು ಕೆಲಸದಲ್ಲಿದ್ದರು? ಡೆಪ್ಯುಟಿ ಮ್ಯಾಜಿಸ್ಟ್ರೇಟ್. 1858ರಿಂದ 1891ರವರೆಗೆ ಮೂವತ್ತಮೂರು ವರ್ಷ, ಕೊನೆಗೆ ಇದೇ ಊರಿನ ಅಲಿಪುರದಲ್ಲಿ. ಹಗಲೆಲ್ಲ ತೀರ್ಪು ಬರೆದು ರಾತ್ರಿ ಕಾದಂಬರಿ ಬರೆಯುವ ಮನುಷ್ಯ. ಅವರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರೋ, ಮೈಸೂರು ಸಂಸ್ಥಾನದ ನ್ಯಾಯ ಇಲಾಖೆಯಲ್ಲಿದ್ದು ಮುನ್ಸೀಫರಾದವರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ 'ಇಂದಿರಾಬಾಯಿ'ಯನ್ನು 1899ರಲ್ಲಿ ಬರೆದ ಗುಲ್ವಾಡಿ ವೆಂಕಟರಾಯರು ಪೋಲೀಸ್ ಇಲಾಖೆಯವರು. 'ಮಾಡಿದ್ದುಣ್ಣೋ ಮಹಾರಾಯ' ಬರೆದ ಎಂ. ಎಸ್. ಪುಟ್ಟಣ್ಣನವರು ಅಮಲ್ದಾರರು, ಆ ಹೆಸರೇ ಒಂದು ತೀರ್ಪು. ನಮ್ಮ ಕಾದಂಬರಿ ಹುಟ್ಟಿದ್ದು ಕಚೇರಿಯ ಆವರಣದಲ್ಲಿ, ಬೆಳೆದದ್ದು ಜವಾನರ ಬೆಂಚಿನ ಮೇಲೆ. ಪುಸ್ತಕ ಮುಗಿಯುವುದರೊಳಗೆ ಒಬ್ಬರಿಗಾದರೂ ಶಿಕ್ಷೆಯಾಗಲೇಬೇಕು ಎಂದು ನನಗೂ ಅಕ್ಕನಿಗೂ ಅನಿಸುವುದು ಬಹುಶಃ ಈ ಪಿತ್ರಾರ್ಜಿತದಿಂದ.

ವೆಂಕಟಾಚಾರ್ಯರ ವಿಷಯ ಹೇಳಿದಾಗ ಮಾಸ್ಟರ್‌ಮೊಶಾಯ್ ಕುರ್ಚಿಯಿಂದ ಮುಂದಕ್ಕೆ ಬಂದರು. "ಬೆಂಕೊಟಾಚಾರ್ಜೊ?" ಬಂಗಾಳಿಗೆ ವಕಾರ ಬಾರದು, ಬೆಂಕಿ ಕೊಟ್ಟಂತೆ ಕೇಳಿದರೂ ನಾನು ತಿದ್ದಲಿಲ್ಲ. ಈಶ್ವರಚಂದ್ರ ವಿದ್ಯಾಸಾಗರರೊಡನೆ ಕಾಗದದ ಸಂಪರ್ಕ ಇಟ್ಟುಕೊಂಡು ವೆಂಕಟಾಚಾರ್ಯರು ಬಂಗಾಳಿ ಕಲಿತರು ಎನ್ನುತ್ತಾರೆ. 1876ರಲ್ಲಿ ತಂದ 'ಭ್ರಾಂತಿವಿಲಾಸ' ವಿದ್ಯಾಸಾಗರರದ್ದೇ ಪುಸ್ತಕ. ಆಮೇಲೆ ಬಂಕಿಮರ 'ದುರ್ಗೇಶನಂದಿನಿ', 'ವಿಷವೃಕ್ಷ', 'ಆನಂದಮಠ' ಎಲ್ಲ ಕನ್ನಡಕ್ಕೆ ಬಂದವು. ನನಗೆ ಕುತೂಹಲ 'ವಿಷವೃಕ್ಷ'ದ ಒಂದು ಜಾಗದ ಮೇಲೆ. ಅದರಲ್ಲಿ ಸೂರ್ಯಮುಖಿ ತನ್ನ ಕಾಗದದಲ್ಲಿ, ಕಲ್ಕತ್ತದಲ್ಲಿ ಯಾರೋ ವಿದ್ಯಾಸಾಗರ ಅನ್ನುವ ಪಂಡಿತನಂತೆ, ವಿಧವೆಗೆ ಮದುವೆ ಮಾಡಿ ಎನ್ನುವವನು ಪಂಡಿತನಾದರೆ ಮೂರ್ಖ ಯಾರು ಎಂದು ಕೇಳುತ್ತಾಳೆ. 1856ರ ವಿಧವಾ ವಿವಾಹ ಕಾಯಿದೆ ತರಿಸಿದ ವಿದ್ಯಾಸಾಗರರ ಮೇಲೆ, ಅವರ ಊರಿನಲ್ಲೇ, ಅವರು ಬದುಕಿರುವಾಗಲೇ ಅಚ್ಚಾದ ಕೊಂಕು. ಅವರ ನಂಟಿನಿಂದಲೇ ಬಂಗಾಳಿ ಕಲಿತವರು ಆ ಸಾಲಿನ ಹತ್ತಿರ ಬಂದಾಗ ಲೇಖನಿ ಮಸಿಯಲ್ಲಿ ಅದ್ದಿಕೊಂಡು ಎಷ್ಟು ಹೊತ್ತು ಕೂತಿದ್ದರೋ ಎಂದು ಊಹಿಸಿಕೊಳ್ಳುತ್ತೇನೆ. ಆದರೆ ಆ ಮಾತು ಬಂಕಿಮರದ್ದೇ? ಸವತಿ ಬರುತ್ತಿದ್ದಾಳೆಂದು ಒಳಗೇ ಬೇಯುತ್ತಿರುವ ಹೆಂಡತಿಯೊಬ್ಬಳು ಮತ್ತೆ ಹೇಗೆ ಬರೆದಾಳು? ಆ ಸಾಲು ಬರೆಯುವಾಗ ಮ್ಯಾಜಿಸ್ಟ್ರೇಟರು ಕುರ್ಚಿ ಬಿಟ್ಟು ಎದ್ದುಹೋಗಿದ್ದರು, ಸೂರ್ಯಮುಖಿ ಒಬ್ಬಳೇ ಇದ್ದಳು. ಅದಕ್ಕೇ ಅದು ಇನ್ನೂ ಚುರುಕ್ಕೆನ್ನುತ್ತದೆ. ಕೊನೆಗೆ ಅವರು ಮರಳಿ ಬಂದು ಕೂತರು. ಮರುಮದುವೆಯಾದ ವಿಧವೆ ಕುಂದನಂದಿನಿ ವಿಷ ಕುಡಿದಳು. ಈ ಕತೆಯಿಂದ ಮನೆಮನೆಗೂ ಒಳಿತಾಗಲಿ ಎಂಬ ಹಾರೈಕೆಯೊಂದಿಗೆ ಪುಸ್ತಕ ಮುಗಿಯಿತು.

'ಕೃಷ್ಣಕಾಂತನ ಉಯಿಲು' ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿಯ ವಿಧವೆ ರೋಹಿಣಿಯನ್ನು ಪ್ರಿಯಕರ ಗೋವಿಂದಲಾಲ ಪಿಸ್ತೂಲಿನಿಂದ ಹೊಡೆದು ಕೊಲ್ಲುತ್ತಾನೆ. ಮೊದಲು ಬಂಕಿಮರು ಗೋವಿಂದಲಾಲನನ್ನೂ ಕೆರೆಗೆ ಹಾರಿಸಿದ್ದರು. ಮುಂದಿನ ಆವೃತ್ತಿಗಳಲ್ಲಿ ಮನಸ್ಸು ಬದಲಾಯಿಸಿ ಸಂನ್ಯಾಸಿ ಮಾಡಿದರು. ಅಂದರೆ ಕೊಂದವನಿಗೆ ಅಪೀಲಿನಲ್ಲಿ ಶಿಕ್ಷೆ ಇಳಿಯಿತು, ಸತ್ತವಳ ಕಡೆ ವಕಾಲತ್ತು ಹಾಕುವವರೇ ಇರಲಿಲ್ಲ. ಬಂಕಿಮರಿಗಿಂತ ಒಂದು ತಲೆಮಾರು ಕಿರಿಯರಾದ ಶರಚ್ಚಂದ್ರರು ಹಾಕಿದರು. ರೋಹಿಣಿ ಸತ್ತದ್ದು ಕತೆಯ ಒಳಗಿನ ಕಾರಣದಿಂದಲ್ಲ, ನೀತಿಯ ಮಾನ ಉಳಿಸಲು ಎಂಬುದು ಅವರ ತಕರಾರು. ಶರಚ್ಚಂದ್ರರ ಮನೆ ಅಶ್ವಿನಿ ದತ್ತ ರಸ್ತೆಯಲ್ಲಿ, ನನ್ನ ಬೆಳಗಿನ ತಿರುಗಾಟದ ದೂರದಲ್ಲಿದೆ. ಅದರ ಮುಂದೆ ಹಾಯುವಾಗಲೆಲ್ಲ ನನಗೊಂದು ತುಂಟ ಪ್ರಶ್ನೆ ಬರುತ್ತದೆ: ಸ್ವಾಮೀ, ತಾವಾದರೂ ಮದುವೆ ಮಾಡಿಸಿದಿರಾ? 'ಪಲ್ಲಿ ಸಮಾಜ'ದ ರಮೆಯನ್ನು ಕಾಶಿಗೆ ಕಳಿಸಿದಿರಿ. ಬಂಕಿಮರು ಪಿಸ್ತೂಲು ಕೊಟ್ಟಲ್ಲಿ ತಾವು ರೈಲಿನ ಟಿಕೆಟು ಕೊಟ್ಟಿರಿ. ವಿಧವೆಗೆ ಓದು ಕಲಿಸಿ, ಧಾರೆಯೆರೆಸಿ, 'ಇಂದಿರಾಬಾಯಿ'ಗೆ 'ಸದ್ಧರ್ಮ ವಿಜಯವು' ಎಂಬ ಇನ್ನೊಂದು ಹೆಸರನ್ನೂ ಇಟ್ಟವರು ನಮ್ಮ ಮಂಗಳೂರಿನ ಕಡೆಯ ಪೋಲೀಸಿನವರು! ಆದರೂ ರಾತ್ರಿ ನಿದ್ದೆಗೆಡಿಸುವವಳು ಇಂದಿರಾಬಾಯಿಯಲ್ಲ, ರಮೆ. ಇದಕ್ಕೆ ಏನು ಮಾಡೋಣ?

ಇನ್ನೊಂದು ಭಾನುವಾರ ಮಾಸ್ಟರ್‌ಮೊಶಾಯ್ ನನ್ನನ್ನು ಕಾಲೇಜು ಬೀದಿಗೆ ಕರೆದುಕೊಂಡು ಹೋದರು. ಆಲ್ಬರ್ಟ್ ಹಾಲಿನ ಕಾಫಿ ಹೌಸಿನಲ್ಲಿ ಕುಳಿತೆವು. ಹಾಲಿಲ್ಲದ ಕಾಫಿಗೆ ಅಲ್ಲಿ ಇನ್‌ಫ್ಯೂಷನ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹಸು ಬತ್ತಿದ ತಿಂಗಳು ಕುಡಿಯುತ್ತಿದ್ದುದು ಅದನ್ನೇ, ಅದಕ್ಕೊಂದು ಹೆಸರಿದೆ ಎಂದು ಗೊತ್ತಿರಲಿಲ್ಲ. ಎದುರುಗಡೆಯ ಪ್ರೆಸಿಡೆನ್ಸಿ ಕಾಲೇಜಿನತ್ತ ಕೈ ತೋರಿಸಿ ಅವರು ಮಾಣಿಕ್ ಬಂದ್ಯೋಪಾಧ್ಯಾಯರ ಕತೆ ಹೇಳಿದರು. 1928ರಲ್ಲಿ ಅಲ್ಲಿ ಗಣಿತ ಓದುತ್ತಿದ್ದ ಹುಡುಗ. ಹೆಸರಿಲ್ಲದವರ ಕತೆಯನ್ನು ದೊಡ್ಡ ಪತ್ರಿಕೆಗಳು ಹಾಕುವುದಿಲ್ಲ ಎಂದು ಗೆಳೆಯರು ವಾದ ಹೂಡಿದರು. ಹಾಕಿಸಿ ತೋರಿಸುತ್ತೇನೆ ಎಂದು ಈತ ಪಂದ್ಯ ಕಟ್ಟಿದ. 'ಅತಸೀ ಮಾಮಿ' ಬರೆದು, ಪ್ರಬೋಧಕುಮಾರ ಎಂಬ ನಿಜನಾಮ ಮುಚ್ಚಿಟ್ಟು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹಾಕಿ 'ವಿಚಿತ್ರಾ' ಪತ್ರಿಕೆಗೆ ಕೊಟ್ಟ. ಅಚ್ಚಾಯಿತು. ಪಂದ್ಯ ಗೆದ್ದ, ಗಣಿತದ ಪದವಿ ಕೈಬಿಟ್ಟಿತು. 'ಪದ್ಮಾ ನದಿಯ ಅಂಬಿಗ'ನನ್ನು, 'ಬೊಂಬೆಯಾಟದ ಕತೆ'ಯನ್ನು ಕೊಟ್ಟವರು ಅವರೇ, ಬಡತನದಲ್ಲೇ ಹೋದವರು. "ಮೊದಲ ಕತೆ ಬರೆಯುವಾಗ ಅವರಿಗೆ ಲೋಕ ಉದ್ಧಾರದ ಯೋಚನೆ ಇತ್ತೆ?" ಎಂದು ಕೇಳಿದೆ. "ಕಾಫಿಯ ಯೋಚನೆ ಇದ್ದಿರಬೇಕು," ಎಂದರು, "ಸೋತವನು ಕುಡಿಸುವ ಕಾಫಿ." ಆ ಕಾಲಕ್ಕೆ ಅಲ್ಲಿ ಕಾಫಿ ಹೌ‌ಸೇ ಇರಲಿಲ್ಲ, ಅದು ಬಂದದ್ದು 1942ರಲ್ಲಿ ಎಂಬುದು ನನಗೆ ಗೊತ್ತಿತ್ತು. ಆದರೆ ಅಡ್ಡಾದಲ್ಲಿ, ಅಂದರೆ ಇಲ್ಲಿಯ ಹರಟೆಕಟ್ಟೆಯಲ್ಲಿ, ಕಾಲಗಣನೆಯ ತಕರಾರು ತೆಗೆಯಬಾರದು.

ವಾಪಸು ಬರುವಾಗ ಅವರು ಸುಮ್ಮನೆ, "ನಿಮ್ಮ ಕಾದಂಬರಿ ನ್ಯಾಷನಲ್ ಲೈಬ್ರರಿಯಲ್ಲಿ ಇರಲೇಬೇಕಲ್ಲ?" ಎಂದರು.

ಹೌದಲ್ಲ! 1954ರ ಕಾಯಿದೆಯ ಪ್ರಕಾರ ಭಾರತದಲ್ಲಿ ಯಾವ ಭಾಷೆಯ ಪುಸ್ತಕ ಅಚ್ಚಾದರೂ ಪ್ರಕಾಶಕ ಮೂವತ್ತು ದಿನದೊಳಗೆ ತನ್ನ ಖರ್ಚಿನಲ್ಲಿ ಒಂದು ಪ್ರತಿಯನ್ನು ಕೋಲ್ಕತ್ತದ ಈ ಗ್ರಂಥಾಲಯಕ್ಕೆ ಕಳಿಸಬೇಕು. ಅಂದರೆ ಶಿರಸಿಯಲ್ಲಿ ಕೂತು ಬರೆದವನಿಗೂ, ರಾಯಚೂರಿನಲ್ಲಿ ಕೂತು ಬರೆದವನಿಗೂ, ಓದುಗ ಸಿಗಲಿ ಬಿಡಲಿ, ಅಲಿಪುರದಲ್ಲಿ ಒಂದು ಗೇಣು ಜಾಗ ಖಾಯಂ. ಸ್ವಾತಂತ್ರ್ಯ ಬಂದ ಮೇಲೆ ಅದರ ಮೊದಲ ಗ್ರಂಥಪಾಲಕರಾದ ಬಿ. ಎಸ್. ಕೇಶವನ್ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು ಎಂದು ನೆನಪಾಗಿ ಹೆಮ್ಮೆ ಇನ್ನೂ ಉಬ್ಬಿತು. ಮರುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ. ಹತ್ತಿರದಲ್ಲೇ ಪ್ರಾಣಿಸಂಗ್ರಹಾಲಯ. ಕಂಡಕ್ಟರ್ ನನ್ನ ಮುಖ ನೋಡಿ "ಚಿಡಿಯಾಖಾನಾ?" ಎಂದ. ಒಂದು ಲೆಕ್ಕಕ್ಕೆ ಸರಿಯೇ, ನಾನೂ ಒಂದು ಅಪರೂಪದ ಪ್ರಾಣಿಯನ್ನು ನೋಡಲು ಹೊರಟವನೇ.

ಲಾಟ್ ಸಾಹೇಬರು ವಾಸವಾಗಿದ್ದ ಬೆಲ್ವೆಡೀರ್ ಬಂಗಲೆ, ಹುಲ್ಲುಹಾಸು, ಹಳೆಯ ಮರಗಳು, ಈಚಿನ ಭಾಷಾ ಭವನ. ಕನ್ನಡಕ್ಕೂ ಪ್ರತ್ಯೇಕ ವಿಭಾಗವಿದೆ. ನನ್ನ ಹೆಸರು ಹುಡುಕಿಸಿದೆ. ನನ್ನ ಹೆಸರಿನ ಹಿಂದೆ ಮುಂದೆ ಎಲ್ಲರೂ ಇದ್ದರು, ನಾನು ಇರಲಿಲ್ಲ. ಹೊರಗೆ ಬಂದು ಮರದ ಕೆಳಗೆ ನಿಂತು ಪ್ರಕಾಶಕರಿಗೆ ಫೋನ್ ಮಾಡಿದೆ. "ಕಳಿಸೇ ಇಲ್ಲ ಸಾರ್, ಮುಂದಿನ ವಾರ ಹಾಕ್ತೀನಿ, ಹೆಂಗೂ ನೀವು ಅಲ್ಲೇ ಇದೀರಲ್ಲ, ನೀವೇ ಒಂದು ಕೊಟ್ಬಿಡಿ" ಎಂದರು. ಕಳಿಸದಿದ್ದರೆ ಐವತ್ತು ರೂಪಾಯಿವರೆಗೆ ದಂಡ, ಜತೆಗೆ ಪುಸ್ತಕದ ಬೆಲೆ ಎಂದು ಕಾಯಿದೆಯಲ್ಲಿದೆ ಎಂದು ಹೆದರಿಸಿದೆ. ಅವರು ನಕ್ಕ ರೀತಿ ನೋಡಿದರೆ, ಅಂಚೆಗಿಂತ ಅದೇ ಅಗ್ಗ ಎಂದು ಲೆಕ್ಕ ಹಾಕಿದಂತಿತ್ತು.

ಇದನ್ನು ಕೇಳಿ ಮಾಸ್ಟರ್‌ಮೊಶಾಯ್, "ಕಳಿಸದೆ ಇದ್ದುದಕ್ಕೆ ಐವತ್ತು. ಬರೆದದ್ದಕ್ಕೆ ಎಷ್ಟು ಗೊತ್ತೇ? ಇನ್ನೂರ ಒಂದು!" ಎಂದು 'ಪ್ರಜಾಪತಿ'ಯ ಕೇಸು ತೆಗೆದರು. ಬಂಗಾಳಿಯಲ್ಲಿ ಪ್ರಜಾಪತಿ ಎಂದರೆ ಚಿಟ್ಟೆ. ಮದುವೆಗೆ ಪ್ರಜಾಪತಿಯೇ ಅಧಿದೇವತೆಯಾದ್ದರಿಂದ ಇಲ್ಲಿ ಲಗ್ನಪತ್ರಿಕೆಯ ಮೇಲೆ ಚಿಟ್ಟೆಯ ಚಿತ್ರ ಹಾಕಿಸುತ್ತಾರೆ. ಸಮರೇಶ ಬಸು 1967ರ ಶಾರದೀಯ 'ದೇಶ್' ಸಂಚಿಕೆಗೆ ಬರೆದ 'ಪ್ರಜಾಪತಿ'ಯಲ್ಲಿ ಮಾತ್ರ ಮಂಗಳಕಾರ್ಯವೇನೂ ಇಲ್ಲ. ಬೀದಿ ರೌಡಿಯೊಬ್ಬ ತನ್ನ ಕತೆಯನ್ನು ತನ್ನದೇ ಮಾತಿನಲ್ಲಿ ಹೇಳಿಕೊಳ್ಳುತ್ತಾನೆ. ಆ ಮಾತು ಎಂಥದ್ದಿರಬೇಕೋ ಅಂಥದ್ದೇ ಇದೆ. ಮರುವರ್ಷ ವಕೀಲರೊಬ್ಬರು ಅಶ್ಲೀಲವೆಂದು ಖಟ್ಲೆ ಹಾಕಿದರು. ಮ್ಯಾಜಿಸ್ಟ್ರೇಟ್ ಲೇಖಕರಿಗೂ ಪ್ರಕಾಶಕರಿಗೂ ತಲಾ 201 ರೂಪಾಯಿ ದಂಡ ಹಾಕಿದರು. ಮುಯ್ಯಿ ಕೊಡುವ ಹಾಗೆ, ಮೇಲೊಂದು ರೂಪಾಯಿ ಸೇರಿಸಿ! ಬುದ್ಧದೇವ ಬಸು ಅಂಥವರು ಕಟಕಟೆ ಹತ್ತಿ ಪುಸ್ತಕದ ಪರ ಸಾಕ್ಷಿ ಹೇಳಿದ್ದರು, ಆದರೂ ಆಯಿತು. ಹೈಕೋರ್ಟು 1973ರಲ್ಲಿ ಅದನ್ನೇ ಎತ್ತಿಹಿಡಿಯಿತು. ಕೊನೆಗೆ 1985ರಲ್ಲಿ ಸುಪ್ರೀಂ ಕೋರ್ಟು, ಒರಟುತನ ಬೇರೆ ಅಶ್ಲೀಲ ಬೇರೆ ಎಂದು ಬಿಟ್ಟುಬಿಟ್ಟಿತು. ಬಸು ತೀರಿಕೊಂಡದ್ದು ಅದಾಗಿ ಮೂರೇ ವರ್ಷಕ್ಕೆ.

ಆ ತೀರ್ಪಿನಲ್ಲಿ ಒಂದು ವಿಚಾರವಿದೆ. ಇಂಥ ಪುಸ್ತಕ ಮುಂದೆ ಬಂದಾಗ ನ್ಯಾಯಾಧೀಶ ಮೊದಲು ಲೇಖಕನ ಜಾಗದಲ್ಲಿ ಕೂತು ಅವನ ಕಣ್ಣಿಂದ ನೋಡಬೇಕು, ಆಮೇಲೆ ಬೇರೆ ಬೇರೆ ವಯಸ್ಸಿನ ಓದುಗರ ಜಾಗದಲ್ಲಿ ಕೂತು ನೋಡಬೇಕು, ಆಮೇಲಷ್ಟೇ ತನ್ನ ಕುರ್ಚಿಗೆ ಬರಬೇಕು. ಇದನ್ನು ಕೇಳಿ ನಾನು ಚಹದ ಮಣ್ಣಿನ ಭಾಂಡ ಕೆಳಗಿಟ್ಟೆ. ಎದುರಿನವರ ಜಾಗದಲ್ಲಿ ಕೂರುವುದು ಕಾದಂಬರಿಕಾರನ ಕೆಲಸ ಎಂದು ನಾವೆಲ್ಲ ಭಾಷಣ ಮಾಡುತ್ತೇವೆ. ನ್ಯಾಯಾಧೀಶರು ಅದನ್ನು ಕಾನೂನೇ ಮಾಡಿಬಿಟ್ಟರು. ನಾನು ಒಂದು ಪುಟದಲ್ಲೂ ಮಾಡಿರಲಿಲ್ಲ. ಚಿಕ್ಕಪ್ಪನ ಜಗಲಿಯ ಬೆಂಚಿನ ಮೇಲೆ ಕೂರಲು ಚಿಕ್ಕಂದಿನಿಂದಲೂ ನಮಗೆ ಹೆದರಿಕೆ. ಕಾದಂಬರಿಯಲ್ಲೂ ಅಂಗಳದಲ್ಲೇ ನಿಂತು ಕಲ್ಲು ಬೀರಿದ್ದೆ.

ಸರಿ, ಈ ಸಲ ಕೂತು ನೋಡೋಣ ಎಂದು ಹೊರಟೆ. ಹದಿನೈದು ದಿನ ರಾತ್ರಿ ಚಿಕ್ಕಪ್ಪನಾಗಿ ಬರೆದೆ. ಆತನಿಗೆ ನಾಲ್ಕು ಹೆಣ್ಣುಮಕ್ಕಳು. ಕೊಳೆರೋಗ ಬಂದು ಎರಡು ವರ್ಷ ಅಡಿಕೆಯೆಲ್ಲ ಉದುರಿದ್ದು ನಿಜ. ಅಣ್ಣನ ಕಾಯಿಲೆಗೆ ಶಿವಮೊಗ್ಗ, ಮಣಿಪಾಲ ಎಂದು ಅಲೆದವನೂ ಆತನೇ. ಆ ಸಾಲ ಯಾರು ತೀರಿಸಬೇಕಿತ್ತು? ಬರೆಯುತ್ತ ಬರೆಯುತ್ತ ಕಣ್ಣು ತುಂಬಿ ಬಂತು. ಇಪ್ಪತ್ತೆಂಟು ಪುಟವಾದ ಮೇಲೆ ಅಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು ಬಂತು.

"ಹಂಗಾರೆ ತಪ್ಪೆಲ್ಲ ದೊಡ್ಡಮ್ಮಂದು, ಅಲ್ದಾ?"

"ಹಾಗಲ್ಲ ಅಕ್ಕ, ಅವನ ಕಷ್ಟವೂ..."

"ಕಷ್ಟ ಯಾರಿಗಿಲ್ಲ? ಕಷ್ಟ ಇದ್ದೋರೆಲ್ಲ ತೋಟ ಬರೆಸ್ಕೊಂಡ್ರಾ?" ಎಂದು ಇಟ್ಟೇಬಿಟ್ಟಳು.

ಅಕ್ಕ ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಆ ಒಂದು ಪ್ರಶ್ನೆಗೆ ನನ್ನ ಇಪ್ಪತ್ತೆಂಟು ಪುಟ ನಿಲ್ಲಲಿಲ್ಲ. ನ್ಯಾಯಾಧೀಶನ ಕುರ್ಚಿ ಬಿಟ್ಟು ಇಳಿದವನು ನೇರವಾಗಿ ಹೋಗಿ ಚಿಕ್ಕಪ್ಪನ ವಕೀಲನ ಕರಿಕೋಟು ಹಾಕಿಕೊಂಡಿದ್ದೆ. ಮೊದಲ ಕಾದಂಬರಿಯಲ್ಲಿ ಗುಡುಗಿದ್ದ ಜಾಗದಲ್ಲಿ ಈಗ ಕೊಳೆರೋಗ ಬಂದಿತ್ತು, ಅಷ್ಟೇ. ಎರಡೂ ಆಕಾಶದಿಂದ ಬಿದ್ದವು. ಪಾಲುಪಟ್ಟಿಗೆ ರುಜು ಹಾಕಿದ್ದು ಮಾತ್ರ ಕೈ.

ಮಾಸ್ಟರ್‌ಮೊಶಾಯ್‌ಗೆ ಸೋಲನ್ನು ಒಪ್ಪಿಸಿದೆ. ಅವರು ಈ ಸಲ ಯಾವ ಪುಸ್ತಕವನ್ನೂ ತರಲಿಲ್ಲ. 'ಪಥೇರ್ ಪಾಂಚಾಲಿ' ಗೊತ್ತೇ ಎಂದರು. ಸಿನಿಮಾ ನೋಡಿದ್ದೇನೆ ಎಂದೆ. ಅವರು ಹೇಳಿದ ಪ್ರಕಾರ, ವಿಭೂತಿಭೂಷಣರು ಭಾಗಲ್ಪುರದ ಜಮೀನ್ದಾರಿಯೊಂದರ ಕೆಲಸದಲ್ಲಿದ್ದಾಗ ಕಾದಂಬರಿ ಬರೆದು ಮುಗಿಸಿದ್ದರಂತೆ. ಅದರಲ್ಲಿ ದುರ್ಗಾ ಇರಲಿಲ್ಲವಂತೆ. ಒಂದು ದಿನ ತಲೆಗೂದಲು ಗಾಳಿಗೆ ಹಾರುತ್ತ ನಿಂತಿದ್ದ ಹಳ್ಳಿ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದಳು. ಈ ಹುಡುಗಿ ಇಲ್ಲದೆ ಕತೆ ಇಲ್ಲ ಎಂದು ಮತ್ತೆ ಮೊದಲಿಂದ ಬರೆದರಂತೆ. 1929ರಲ್ಲಿ ಪುಸ್ತಕ ಬಂತು. ಆ ದುರ್ಗಾ ಕಳ್ಳಿ. ಮಾವಿನಕಾಯಿ ಕದಿಯುತ್ತಾಳೆ, ಸಿಕ್ಕಿಬಿದ್ದು ಏಟು ತಿನ್ನುತ್ತಾಳೆ. ನೆರೆಮನೆಯ ಪುಟ್ಟ ಚಿನ್ನದ ಕರಡಿಗೆ ಕದ್ದಳೆಂಬ ಆಪಾದನೆಯನ್ನು ಮಾತ್ರ ಒಪ್ಪುವುದೇ ಇಲ್ಲ. ಅವಳು ಜ್ವರದಲ್ಲಿ ಸತ್ತ ಮೇಲೆ, ಮನೆ ಬಿಟ್ಟು ಹೊರಡುವ ದಿನ, ತಮ್ಮ ಅಪುವಿಗೆ ಮೂಲೆಯೊಂದರಲ್ಲಿ ಅದು ಸಿಕ್ಕುತ್ತದೆ. ಅವನು ಯಾರಿಗೂ ಹೇಳದೆ ಅದನ್ನು ಬಿದಿರ ಮೆಳೆಯೊಳಕ್ಕೆ ಎಸೆದುಬಿಡುತ್ತಾನೆ. ಸತ್ಯಜಿತ್ ರಾಯರು 1955ರ ಸಿನಿಮಾದಲ್ಲಿ ಅದನ್ನು ಮಣಿಸರ ಮಾಡಿ ಕೊಳಕ್ಕೆ ಎಸೆಸಿದರು. ಪಾಚಿ ಒಂದು ಕ್ಷಣ ಬಾಯಿ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ.

"ಅಪು ಮಾಡಿದ್ದು ಸರಿಯೇ?" ಎಂದು ಕೇಳಿದೆ.

"ಅರವತ್ತು ವರ್ಷದಿಂದ ಓದುತ್ತಿದ್ದೇನೆ," ಎಂದರು ಮಾಸ್ಟರ್‌ಮೊಶಾಯ್, "ಪ್ರತಿ ಸಲವೂ ಅವನು ಎಸೆಯುವಾಗ, ಯಾರಾದರೂ ನೋಡಿಬಿಟ್ಟಾರು ಎಂದು ನಾನೇ ಹಿಂದೆ ತಿರುಗಿ ನೋಡುತ್ತೇನೆ."

ಆ ರಾತ್ರಿ ಮಳೆ. ಕೆಳಗೆ ಬೀದಿಯಲ್ಲಿ ಮೊಣಕಾಲುದ್ದ ನೀರು. ನಾನು ಪಾಲುಪಟ್ಟಿಯ ಜೆರಾಕ್ಸು ಪ್ರತಿ ತೆಗೆದೆ. ಮೊದಲ ಕಾದಂಬರಿಗೆಂದು ಊರಿಂದ ತರಿಸಿಕೊಂಡದ್ದು. ದೊಡ್ಡಮ್ಮನ ಹೆಬ್ಬೆಟ್ಟು. ಅದರ ಕೆಳಗೆ ಸಾಕ್ಷಿಗಳು. ಒಂದನೆಯದು ಶಾನುಭೋಗರದು. ಎರಡನೆಯ ರುಜುವನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಲೇ ಇದ್ದೇನೆ. ನನ್ನ ಪ್ರೋಗ್ರೆಸ್ ಕಾರ್ಡುಗಳ ಕೆಳಗೆಲ್ಲ ಇದ್ದ ರುಜು ಅದು, ಕೊನೆಯ ಅಕ್ಷರದ ಬಾಲ ಎಡಕ್ಕೆ ತಿರುಗಿದ್ದು. ಕಾದಂಬರಿಯಲ್ಲಿ ಆ ಪತ್ರದ ಪೂರ್ತಿ ಒಕ್ಕಣೆ ಕೊಟ್ಟಿದ್ದೆ, ಚೆಕ್ಕುಬಂದಿ ಸಮೇತ. ಸಾಕ್ಷಿಗಳ ಹತ್ತಿರ ಬಂದಾಗ ಅಧ್ಯಾಯ ಮುಗಿಸಿದ್ದೆ. ಯಾವ ವಿಮರ್ಶಕರೂ ಅದನ್ನು ಕೇಳಿರಲಿಲ್ಲ. ವಿಮರ್ಶೆಯೇ ಬಂದಿರಲಿಲ್ಲ ಅನ್ನುವುದು ಬೇರೆ ಮಾತು.

ಅಕ್ಕನಿಗೆ ಫೋನ್ ಮಾಡಿದೆ. "ಅಪ್ಪ ಸಾಕ್ಷಿ ಹಾಕಿದ್ದು ನಿಂಗೆ ಗೊತ್ತಿತ್ತಾ?"

"ಊರಿಗೇ ಗೊತ್ತಿತ್ತು. ನೀ ಬರೀಲಿಲ್ಲ, ನಾ ಕೇಳಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ಅದಿರಲಿ, ನಿನ್ ಪುಸ್ತಕದಲ್ಲಿ ದೊಡ್ಡಮ್ಮ ಎಲ್ಲಿದಾಳೆ? ಐದು ಕಡೆ ಬರ್ತಾಳೆ, ಐದು ಕಡೇನೂ ಅಳ್ತಾಳೆ. ಆಕೆ ಅತ್ತಿದ್ದು ನಾ ಒಂದು ದಿನಾನೂ ನೋಡಿಲ್ಲ ಮಾರಾಯ."

"ಮತ್ತೇನು ಮಾಡ್ತಿದ್ಲು?"

"ಹಪ್ಪಳ. ಪ್ರತಿ ವರ್ಷ ಆ ತೋಟದ ಹಲಸಿನಮರ ಕಾಯಿ ಬಿಟ್ಟ ಕೂಡ್ಲೆ, ಬೆಳಕು ಹರಿಯೋ ಮುಂಚೆ ಚಿಕ್ಕಪ್ಪ ನಾಲ್ಕು ಬಲಿತ ಕಾಯಿ ತಂದು ದೊಡ್ಡಮ್ಮನ ಹಿತ್ತಿಲ ಬಾಗ್ಲಲ್ಲಿ ಇಟ್ಟು ಹೋಗ್ತಿದ್ದ. ಮಾತಿಲ್ಲ ಕತೆಯಿಲ್ಲ. ಸಾಯೋವರೆಗೂ ಇಟ್ಟ. ದೊಡ್ಡಮ್ಮ ಅದನ್ನ ಎಸೀಲೂ ಇಲ್ಲ, ಬಾಯಿಗೆ ಹಾಕ್ಲೂ ಇಲ್ಲ. ಹಪ್ಪಳ ಮಾಡಿ ಪೇಟೆಗೆ ಕೊಡೋಳು. ಆ ದುಡ್ಡಲ್ಲೇ ಆಕೆ ಸಂಸಾರ ನಡೆದಿದ್ದು."

ನಾನು ಪೆನ್ನಿನ ಮುಚ್ಚಳ ತೆಗೆದು ಬರೆದುಕೊಳ್ಳತೊಡಗಿದೆ. ಮುಚ್ಚಳದ ಸದ್ದು ಅವಳಿಗೆ ಹೇಗೆ ಕೇಳಿಸಿತೋ!

"ಬರ್ಕೋ, ಬರ್ಕೋ. ಪೇಟೆಗೆ ಕೊಟ್ಟು ಉಳಿದಿದ್ದು ನಮ್ಮನೆಗೆ ಬರ್ತಿತ್ತು. ನೀ ಹಾಸ್ಟೆಲಲ್ಲಿದ್ದಾಗ ತಿಂಗಳಿಗೊಂದು ಕಟ್ಟು ಬಸ್ಸಲ್ಲಿ ಹಾಕಿ ಕಳಿಸ್ತಿದ್ವಲ್ಲ, ಅದು ಯಾರ ಮನೆ ಹಪ್ಪಳ ಅಂದ್ಕೊಂಡಿದ್ದೆ?"

"ಅಮ್ಮ ಮಾಡಿದ್ದು ಅಂತ..."

"ಅಮ್ಮಂಗೆಲ್ಲಿ ಕೈ ಬೀಳ್ತಿತ್ತು ಹಪ್ಪಳಕ್ಕೆ! ಒಂದು ಕಟ್ಟಿಗೆ ಐವತ್ತು. ಲೆಕ್ಕ ಸರಿಯಾಗಿ ಬರಿ. ಉಳಿದ ಹುಡುಗರಿಗೆ ಒಂದೊಂದು ಕೊಟ್ಟು, ಮೂವತ್ತು ನೀನೊಬ್ಬನೇ ತಿಂತಿದ್ದೆ ಅಂತ ನಿನ್ ರೂಮಿನವನೇ ಹೇಳಿದ್ದ."